ಬಿಳಿ ಬ್ರೆಡ್ಡಿಗೆ ಏನೇನು ಹಾಕಬೇಕು, ಯಾಕೆ ಹಾಕಬೇಕು: ಮನೆಯಲ್ಲಿ ಬೇಯಿಸುವವರಿಗೆ ಸಾಮಗ್ರಿಗಳ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮಾಡಿದ ಬ್ರೆಡ್ ಗಟ್ಟಿಯಾಗಿ ಕೂತರೆ ಎಲ್ಲರೂ ಮೊದಲು ಯೀಸ್ಟ್ ಮೇಲೆ ಗೂಬೆ ಕೂರಿಸುತ್ತಾರೆ. ಹೆಚ್ಚಿನ ಸಲ ಯೀಸ್ಟಿನ ತಪ್ಪೇನೂ ಇರುವುದಿಲ್ಲ. ಅದು ಬಿಟ್ಟ ಗಾಳಿಯನ್ನು ಹಿಡಿದಿಡುವ ತ್ರಾಣ ಮೈದಾಕ್ಕೆ ಇರಲಿಲ್ಲ, ಇಲ್ಲವೇ ನೀರು ಸಾಲಲಿಲ್ಲ, ಇಲ್ಲವೇ ಬೇಸಿಗೆಯ ಅಡುಗೆಮನೆಯಲ್ಲಿ ಹಿಟ್ಟು ಕಾದು ಹುದುಗು ಮಿತಿ ಮೀರಿತ್ತು. ಬಿಳಿ ಬ್ರೆಡ್ಡಿಗೆ ಬೇಕಾದ ಸಾಮಗ್ರಿ ಏಳೇ ಏಳು. ಒಂದೊಂದರ ಕೆಲಸ ಏನೆಂದು ಗೊತ್ತಾದರೆ, ಯಾವುದನ್ನು ಎಷ್ಟು ಏರಿಳಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದೂ ತಾನಾಗಿ ತಿಳಿಯುತ್ತದೆ.

ಮೊದಲು ಅಳತೆ

ಬೇಕರಿಯವರು ಪ್ರತಿಯೊಂದನ್ನೂ ಮೈದಾದ ತೂಕಕ್ಕೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಮೈದಾ ಯಾವಾಗಲೂ 100. ಉಪ್ಪು 2 ಎಂದರೆ 100 ಗ್ರಾಂ ಮೈದಾಕ್ಕೆ 2 ಗ್ರಾಂ ಉಪ್ಪು. ಒಂದು ಬ್ರೆಡ್ಡಿಗಾದರೂ ಹತ್ತಕ್ಕಾದರೂ ಇದೇ ಲೆಕ್ಕ. ಎಂಟೂವರೆ ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಟಿನ್ನಿಗೆ ಹೊಂದುವ ಪ್ರಮಾಣ ಹೀಗಿದೆ:

ಮೈದಾ 400 ಗ್ರಾಂ (100)
ನೀರು 250 ಗ್ರಾಂ (62.5)
ಸಕ್ಕರೆ 20 ಗ್ರಾಂ (5)
ಬೆಣ್ಣೆ 20 ಗ್ರಾಂ (5)
ಹಾಲಿನ ಪುಡಿ 16 ಗ್ರಾಂ (4)
ಉಪ್ಪು 8 ಗ್ರಾಂ (2)
ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ (1)

ಒಟ್ಟು 718 ಗ್ರಾಂ ಹಿಟ್ಟು. ನಿಮ್ಮ ಟಿನ್ ಬೇರೆ ಗಾತ್ರದ್ದಾದರೆ ಅದಕ್ಕೆ ಅಂಚಿನವರೆಗೆ ನೀರು ತುಂಬಿಸಿ ಅಳೆಯಿರಿ. ಎಷ್ಟು ಮಿಲಿಲೀಟರ್ ಹಿಡಿಯುತ್ತದೋ ಅದರ ಅರ್ಧದಷ್ಟು ಗ್ರಾಂ ಹಿಟ್ಟು ಅದಕ್ಕೆ ಸರಿಹೋಗುತ್ತದೆ. 1,450 ಮಿಲಿಲೀಟರ್ ಹಿಡಿಯುವ ಟಿನ್ನಿಗೆ ಸುಮಾರು 725 ಗ್ರಾಂ.

ಕಪ್ಪಿನ ಅಳತೆಯನ್ನು ಮರೆತುಬಿಡಿ. ಅದೇ ಕಪ್ಪಿನಲ್ಲಿ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ 120 ಗ್ರಾಂ, ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ ದಾಟುತ್ತದೆ. ಇಷ್ಟು ವ್ಯತ್ಯಾಸ ಬಂದರೆ ನೀರಿನ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನೀರನ್ನೂ ತೂಗಿಯೇ ಹಾಕಿ. ಆದರೆ ಒಂದೊಂದು ಗ್ರಾಂ ತೋರಿಸುವ ತಕ್ಕಡಿ 4 ಗ್ರಾಂ ಯೀಸ್ಟನ್ನು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಮಾತ್ರ ಟೀ ಚಮಚವೇ ವಾಸಿ: ಮಟ್ಟ ಮಾಡಿದ ಒಂದು ಚಮಚ ಇನ್‌ಸ್ಟಂಟ್ ಯೀಸ್ಟ್ ಸುಮಾರು 3 ಗ್ರಾಂ, ಒಂದು ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ. ಹಾಗಾಗಿ ಮೇಲಿನ ಪ್ರಮಾಣಕ್ಕೆ ಎರಡೂ ಒಂದು ಚಮಚ ಮತ್ತು ಅದರ ಮೂರನೇ ಒಂದು ಪಾಲು. ಕಲ್ಲುಪ್ಪನ್ನು ಮಾತ್ರ ಚಮಚದಲ್ಲಿ ಅಳೆಯಬೇಡಿ. ಹರಳಿನ ಗಾತ್ರದ ಮೇಲೆ ತೂಕ ಬದಲಾಗುತ್ತದೆ.

ಮೈದಾ: ಎಲ್ಲ ಇಲ್ಲಿಂದಲೇ ಶುರು

ಗೋಧಿಯಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ನೀರು ತಾಕಿ, ನಾದಿಸಿಕೊಂಡಾಗ ಒಂದಕ್ಕೊಂದು ಹೆಣೆದು ಗ್ಲುಟನ್ ಆಗುತ್ತವೆ. ಮೊದಲನೆಯದು ಬಿಗಿ ಕೊಡುತ್ತದೆ, ಎರಡನೆಯದು ಹಿಗ್ಗುವ ಗುಣ ಕೊಡುತ್ತದೆ. ಹೋಳಿಗೆಯ ಕಣಕ ಹರಿಯದೆ ಕಾಗದದಷ್ಟು ತೆಳ್ಳಗೆ ಹರಡುವುದು ಇದೇ ಗ್ಲುಟನ್ನಿನ ಬಲದಿಂದ. ಬ್ರೆಡ್ಡಿನಲ್ಲಿ ಈ ಪೊರೆ ಯೀಸ್ಟ್ ಬಿಟ್ಟ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಡಿದಿಡುತ್ತದೆ.

ಬ್ರೆಡ್ಡಿಗೆ ಹೇಳಿ ಮಾಡಿಸಿದ ಹಿಟ್ಟಿನಲ್ಲಿ ಪ್ರೋಟೀನ್ ಶೇಕಡಾ 11.5ರಿಂದ 13ರವರೆಗೆ ಇರುತ್ತದೆ. ನಮ್ಮ ಅಂಗಡಿಗಳ ಸಾಮಾನ್ಯ ಮೈದಾದಲ್ಲಿ 9ರಿಂದ 11. ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಬರೆದಿರುತ್ತದೆ, ಅದನ್ನು ನೋಡಿ ಕೊಳ್ಳಿ. 10.5ಕ್ಕಿಂತ ಮೇಲಿದ್ದರೆ ಮನೆಯ ಬ್ರೆಡ್ಡಿಗೆ ಧಾರಾಳ ಸಾಕು. ಇನ್ನೂ ಕಡಿಮೆ ಇದ್ದರೆ ಗ್ಲುಟನ್ ಪುಡಿ ಬೆರೆಸಬಹುದು. ಅದರಲ್ಲಿ ಸುಮಾರು ಶೇಕಡಾ 75 ಪ್ರೋಟೀನ್ ಇರುತ್ತದೆ. 10 ಶೇಕಡಾದ ಮೈದಾ 400 ಗ್ರಾಂ ಇದ್ದರೆ 12 ಗ್ರಾಂ ಮೈದಾ ತೆಗೆದು 12 ಗ್ರಾಂ ಗ್ಲುಟನ್ ಪುಡಿ ಸೇರಿಸಿ, ಪ್ರೋಟೀನ್ 12 ಶೇಕಡಾದ ಹತ್ತಿರ ಬರುತ್ತದೆ. ಗ್ಲುಟನ್ ಪುಡಿ ತನ್ನ ತೂಕದ ಒಂದೂವರೆಯಷ್ಟು ನೀರು ಕುಡಿಯುತ್ತದೆ, ಅಷ್ಟು ನೀರು ಹೆಚ್ಚಿಗೆ ಕೊಡಿ. ಒಣ ಮೈದಾದಲ್ಲಿ ಚೆನ್ನಾಗಿ ಬೆರೆಸಿದ ಮೇಲೆಯೇ ನೀರು ಹಾಕಿ. ಇಲ್ಲದಿದ್ದರೆ ರಬ್ಬರಿನಂಥ ಗಂಟುಗಳಾಗುತ್ತವೆ, ಆಮೇಲೆ ಅವು ಒಡೆಯುವುದಿಲ್ಲ.

ಬಿಡಿ ಮೈದಾ ಕೊಳ್ಳುವವರಿಗೆ ಚೀಟಿ ಎಲ್ಲಿಂದ ಬರಬೇಕು? ಅದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. 100 ಗ್ರಾಂ ಮೈದಾಕ್ಕೆ 60 ಗ್ರಾಂ ನೀರು ಹಾಕಿ ಬಿಗಿಯಾಗಿ ಕಲಸಿ ಉಂಡೆ ಮಾಡಿ, ನೀರಿನ ಬಟ್ಟಲಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಆಮೇಲೆ ಸಣ್ಣ ಧಾರೆಯ ನಲ್ಲಿಯಡಿ, ಕೆಳಗೊಂದು ಜರಡಿ ಇಟ್ಟುಕೊಂಡು, ಅಂಗೈಯಲ್ಲಿ ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ಮೊದಲು ಹಾಲಿನ ಬಣ್ಣದ ನೀರು ಹೋಗುತ್ತದೆ, ಅದೆಲ್ಲ ಪಿಷ್ಟ. ಒಂದು ಹಂತದಲ್ಲಿ ಉಂಡೆ ಚೂರುಚೂರಾಗಿ ಕೈಬಿಟ್ಟಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಚೂರುಗಳನ್ನು ಜರಡಿಯಿಂದ ಒಟ್ಟುಮಾಡಿ ಮತ್ತೆ ಹಿಸುಕಿ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ನಸು ಬೂದು ಬಣ್ಣದ, ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಕ್ಕೆ ಸರಿಯುವ ಮುದ್ದೆ ಉಳಿದಿರುತ್ತದೆ. ಗಟ್ಟಿಯಾಗಿ ಹಿಂಡಿ ತೂಗಿ. 28 ಗ್ರಾಂ ಅಥವಾ ಹೆಚ್ಚಿದ್ದರೆ ಆ ಮೈದಾ ಬ್ರೆಡ್ಡಿಗೆ ಆಗುತ್ತದೆ. 24ಕ್ಕಿಂತ ಕೆಳಗಿದ್ದರೆ ಬಿಸ್ಕತ್ತಿಗೋ ಕೇಕಿಗೋ ಇಟ್ಟುಕೊಳ್ಳಿ. ತೂಕದಷ್ಟೇ ಮುಖ್ಯವಾದದ್ದು ಎಳೆತ: ಹಿಗ್ಗದೆ ತುಂಡಾಗುವ ಮುದ್ದೆ ಎಷ್ಟು ತೂಗಿದರೂ ಉಪಯೋಗವಿಲ್ಲ.

ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ ಬಳಸುವ ಜವೆ ಗೋಧಿಯಲ್ಲಿ ಈ ತೊಂದರೆಯೇ ಇದೆ. ಪ್ರೋಟೀನ್ ಇದ್ದರೂ ಅದರ ಗ್ಲುಟನ್ ಮೆದು, ಗಾಳಿ ಹಿಡಿಯುವುದಿಲ್ಲ. ಹುಗ್ಗಿಗೆ ಅದರ ಸಮ ಇಲ್ಲ, ಟಿನ್ ಬ್ರೆಡ್ಡಿಗೆ ಅದು ಸಲ್ಲ.

ಅರ್ಧ ಗೋಧಿ ಹಿಟ್ಟು ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ಕೇಳುವವರು ಬಹಳ. ಹಾಕಬಹುದು, ಆದರೆ ಅದು ಬಿಳಿ ಬ್ರೆಡ್ ಆಗಿ ಉಳಿಯುವುದಿಲ್ಲ. ಕಲ್ಲಿನ ಗಿರಣಿಯಲ್ಲಿ ಬೀಸಿದ ಹಿಟ್ಟಿನ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗಿರುತ್ತವೆ, ಅವು ನೀರು ಹೆಚ್ಚು ಹೀರುತ್ತವೆ. ಹೊಟ್ಟಿನ ಚೂರುಗಳು ಗ್ಲುಟನ್ ಪೊರೆಯನ್ನು ಹರಿಯುತ್ತವೆ. ಮೊದಲು ನಾಲ್ಕನೇ ಒಂದು ಪಾಲು ಬದಲಿಸಿ ನೋಡಿ, 100 ಗ್ರಾಂ ಗೋಧಿ ಹಿಟ್ಟಿಗೆ 10ರಿಂದ 15 ಗ್ರಾಂ ನೀರು ಹೆಚ್ಚಿಸಿ.

ನೀರು: ಪ್ರಮಾಣ, ಬಿಸಿ, ಗಡಸು

ಮೈದಾಕ್ಕೆ 60ರಿಂದ 65 ಶೇಕಡಾ ನೀರು ಬೇಕು. ಮೊದಲ ಸಲ ಮಾಡುವವರು ಹಿಟ್ಟು ಕೈಗಂಟುತ್ತದೆಂದು ಹೆದರಿ ಮೈದಾ ಉದುರಿಸುತ್ತಲೇ ಹೋಗುತ್ತಾರೆ. ಬ್ರೆಡ್ ಗಟ್ಟಿಯಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಶುರುವಿನಲ್ಲಿ ಅಂಟಲೇಬೇಕು, ಹತ್ತು ನಿಮಿಷ ನಾದಿದ ಮೇಲೆ ಅದು ಪಾತ್ರೆ ಬಿಡುತ್ತದೆ. ಮೈದಾ ಹೊಸದಾದರೆ 20 ಗ್ರಾಂ ನೀರು ಹಿಡಿದಿಟ್ಟು, ಕಲಸುತ್ತಾ ಬೇಕಾದಷ್ಟು ಸೇರಿಸಿ. ಕರಾವಳಿಯ ಮಳೆಗಾಲದಲ್ಲಿ ಮೈದಾ ತಾನೇ ತೇವ ಹೀರಿಕೊಂಡಿರುತ್ತದೆ, ಆಗ 400 ಗ್ರಾಂಗೆ 8ರಿಂದ 12 ಗ್ರಾಂ ಕಡಿಮೆ ಸಾಕಾಗಬಹುದು.

ನೀರಿನ ಬಿಸಿ ಪ್ರಮಾಣದಷ್ಟೇ ಮುಖ್ಯ. ನಾದಿ ಮುಗಿದಾಗ ಹಿಟ್ಟು 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕೊಂದು ಲೆಕ್ಕ: 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಕೋಣೆಯ ಉಷ್ಣಾಂಶ, ಮೈದಾದ ಉಷ್ಣಾಂಶ, ನಾದುವಾಗ ತಿಕ್ಕಾಟದಿಂದ ಏರುವ ಬಿಸಿ (ಕೈಯಲ್ಲಾದರೆ ಸುಮಾರು 3) ಕಳೆಯಿರಿ. ಉಳಿದದ್ದೇ ನೀರಿನ ಉಷ್ಣಾಂಶ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಕೋಣೆ 32, ಮೈದಾ 31 ಇದ್ದರೆ ನೀರು 12 ಡಿಗ್ರಿ, ಅಂದರೆ ಫ್ರಿಜ್ಜಿನದು. ಡಿಸೆಂಬರಿನ ಮಡಿಕೇರಿಯಲ್ಲಿ ಎರಡೂ 18 ಇದ್ದರೆ ನೀರು 39, ಬೆಚ್ಚಗಿರಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆ 36, ಮೈದಾ 35 ಆದರೆ ನೀರು 4 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಮೈದಾವನ್ನೇ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಡುವುದು ಸುಲಭ. ‘ಯೀಸ್ಟಿಗೆ ಬೆಚ್ಚಗಿನ ನೀರು’ ಎಂಬ ಮಾತು ಚಳಿ ದೇಶದ ಪಾಕವಿಧಾನಗಳಿಂದ ಬಂದದ್ದು, ನಮ್ಮ ಬೇಸಿಗೆಗೆ ಅದು ಹೊಂದುವುದಿಲ್ಲ.

ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲುಟನ್ನನ್ನು ಬಿಗಿ ಮಾಡುತ್ತವೆ. ತುಸು ಗಡಸಿದ್ದರೆ ಒಳ್ಳೆಯದೇ, ತೀರಾ ಗಡಸಾದರೆ ಹಿಟ್ಟು ಹಿಗ್ಗಲು ಹಠ ಮಾಡುತ್ತದೆ, ಹುದುಗು ನಿಧಾನವಾಗುತ್ತದೆ. ಶುದ್ಧೀಕರಣ ಯಂತ್ರದ ನೀರು ಇದರ ತದ್ವಿರುದ್ಧ: ಖನಿಜ ಕಳೆದುಕೊಂಡು ಹಿಟ್ಟನ್ನು ಜಿಗುಟು, ಸಡಿಲ ಮಾಡುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿದರೆ ತೊಂದರೆ ತೀರಿತು.

ಯೀಸ್ಟ್

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ. ಇನ್‌ಸ್ಟಂಟ್ ಯೀಸ್ಟ್ ಸಣ್ಣ ಕಡ್ಡಿಯಂಥ ಕಾಳು, ನೇರವಾಗಿ ಮೈದಾಕ್ಕೆ ಬೆರೆಸಬಹುದು. ಆಕ್ಟಿವ್ ಡ್ರೈ ಯೀಸ್ಟ್ ದಪ್ಪ ಕಾಳು, ಅದನ್ನು 38ರಿಂದ 40 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಗಟ್ಟಿಯ ರೂಪದಲ್ಲಿ ಸಿಗುವ ತಾಜಾ ಯೀಸ್ಟ್ ಫ್ರಿಜ್ಜಿನಲ್ಲಿ ಸುಮಾರು ಎರಡು ವಾರ ಬಾಳುತ್ತದೆ. 4 ಗ್ರಾಂ ಇನ್‌ಸ್ಟಂಟ್ ಬದಲು ಆಕ್ಟಿವ್ ಡ್ರೈ 5 ಗ್ರಾಂ, ತಾಜಾ ಯೀಸ್ಟ್ 12 ಗ್ರಾಂ.

ಒಡೆದ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟರೆ ಯೀಸ್ಟ್ ಬೇಗ ಸಾಯುತ್ತದೆ. ಗಾಳಿಯಾಡದ ಸೀಸೆಗೆ ಹಾಕಿ ಫ್ರೀಜರಿನಲ್ಲಿಡಿ. ಅನುಮಾನವಿದ್ದರೆ 100 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ನೋಡಿ. ಹತ್ತು ನಿಮಿಷಕ್ಕೆ ದಪ್ಪ ನೊರೆ ಬರದಿದ್ದರೆ ಎಸೆಯಿರಿ. ಐಸ್ ನೀರು ಇನ್‌ಸ್ಟಂಟ್ ಯೀಸ್ಟಿಗೆ ನೇರ ತಾಗಿದರೆ ಅದರ ಶಕ್ತಿ ಕುಂದುತ್ತದೆ. ತಣ್ಣೀರು ಬಳಸುವ ದಿನ ಮೈದಾ ಒದ್ದೆಯಾದ ಒಂದು ನಿಮಿಷದ ನಂತರ ಯೀಸ್ಟ್ ಉದುರಿಸಿ. 55 ಡಿಗ್ರಿಯ ಮೇಲಿನ ಬಿಸಿ ಅದನ್ನು ಕೊಲ್ಲುತ್ತದೆ.

ಬೇಗ ಉಬ್ಬಲಿ ಎಂದು ಯೀಸ್ಟ್ ದುಪ್ಪಟ್ಟು ಮಾಡುವುದು ಕೆಟ್ಟ ಅಭ್ಯಾಸ. ಬ್ರೆಡ್ಡಿಗೆ ಹೆಂಡದ ವಾಸನೆ ಹತ್ತುತ್ತದೆ, ಬೇಗ ಒಣಗುತ್ತದೆ. ಬೇಸಿಗೆಯಲ್ಲಿ 4 ಗ್ರಾಂ ಬದಲು 3 ಗ್ರಾಂ ಹಾಕುವುದೇ ಜಾಣತನ.

ಉಪ್ಪು, ಸಕ್ಕರೆ

ಉಪ್ಪು ರುಚಿಗೆ ಮಾತ್ರ ಎಂದುಕೊಂಡು ಅರ್ಧ ಮಾಡಬೇಡಿ. ಅದು ಗ್ಲುಟನ್ನನ್ನು ಬಿಗಿ ಮಾಡುತ್ತದೆ, ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುತ್ತದೆ. ಉಪ್ಪು ಮರೆತ ಹಿಟ್ಟು ಬೇಗ ಉಬ್ಬಿ, ಜೋಲುಬಿದ್ದು, ಅಂಟಂಟಾಗುತ್ತದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದುಬಿಡುವುದರಿಂದ ಮೇಲ್ಭಾಗ ಬಿಳಿಚಿಕೊಂಡೇ ಉಳಿಯುತ್ತದೆ. ಉಪ್ಪು ತಾಗಿದರೆ ಯೀಸ್ಟ್ ಸಾಯುತ್ತದೆಂಬ ಭಯ ಅತಿಯಾಯಿತು. ಒಣ ಮೈದಾದಲ್ಲಿ ಎರಡೂ ಬೆರೆತರೆ ಏನೂ ಆಗದು. ಯೀಸ್ಟನ್ನು ಉಪ್ಪುನೀರಿನಲ್ಲಿ ನೆನೆಸದಿದ್ದರೆ ಸಾಕು.

ಸಕ್ಕರೆ ಇಲ್ಲದೆಯೂ ಯೀಸ್ಟ್ ಕೆಲಸ ಮಾಡುತ್ತದೆ, ಮೈದಾದ ಕಿಣ್ವಗಳು ಪಿಷ್ಟದಿಂದ ಅದಕ್ಕೆ ಬೇಕಾದ ಸಕ್ಕರೆ ಒದಗಿಸುತ್ತವೆ. ನಾವು ಹಾಕುವ 5 ಶೇಕಡಾ ಶುರುವಿಗೆ ವೇಗ ಕೊಡುತ್ತದೆ. ಉಳಿದದ್ದು ಮೇಲ್ಭಾಗದ ಕಂದು ಬಣ್ಣಕ್ಕೆ, ಮೆದುತನಕ್ಕೆ. 10 ಶೇಕಡಾ ದಾಟಿದರೆ ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಂಡು ಯೀಸ್ಟನ್ನು ನಿಧಾನ ಮಾಡುತ್ತದೆ, ಸಿಹಿ ಬನ್ನು ಉಬ್ಬಲು ತಡವಾಗುವುದು ಅದಕ್ಕೇ.

ಹಾಲು ಮತ್ತು ಜಿಡ್ಡು

ಹಾಲಿನ ಸಕ್ಕರೆಯನ್ನು ಬ್ರೆಡ್ಡಿನ ಯೀಸ್ಟ್ ತಿನ್ನಲಾರದು. ಅದು ಪೂರ್ತಿ ಉಳಿದು ಬ್ರೆಡ್ಡಿನ ಮೇಲ್ಮೈಗೆ ಬಣ್ಣ ತರುತ್ತದೆ. ಹಸಿ ಹಾಲಿನ ಒಂದು ಬಗೆಯ ಪ್ರೋಟೀನ್ ಗ್ಲುಟನ್ನನ್ನು ಸಡಿಲ ಮಾಡುತ್ತದೆ, ಪ್ಯಾಕೆಟ್ ಹಾಲಿಗೆ ಡೇರಿಯಲ್ಲಿ ಕೊಡುವ ಬಿಸಿಯೂ ಅದನ್ನು ಅಡಗಿಸಲು ಸಾಲದು. ಹಾಲು ಉಕ್ಕಿಸಿ ಇಡುವ ನಮ್ಮ ಮನೆಗಳಲ್ಲಿ ಈ ತೊಂದರೆ ಮೊದಲೇ ಪರಿಹಾರವಾಗಿರುತ್ತದೆ, ಪೂರ್ತಿ ಆರಿಸಿ ಬಳಸಿದರಾಯಿತು. ಹಾಲಿನಲ್ಲಿ ನೀರು ಸುಮಾರು 87 ಶೇಕಡಾ. ಹಾಗಾಗಿ 250 ಗ್ರಾಂ ನೀರಿಗೆ ಬದಲಾಗಿ 285 ಗ್ರಾಂ ಹಾಲು ಬೇಕು. ಆಗ ಹಾಲಿನ ಪುಡಿ ಹಾಕಬೇಡಿ. ಚಹಾಕ್ಕೆ ಮಾರುವ ಡೇರಿ ವೈಟ್ನರ್‌ನಲ್ಲಿ ಸಕ್ಕರೆ ಸೇರಿರುತ್ತದೆ, ನಮ್ಮ 16 ಗ್ರಾಂಗೆ ಅದು ಲೆಕ್ಕಕ್ಕೆ ಬಾರದು.

ಬೆಣ್ಣೆ ಗ್ಲುಟನ್ ಎಳೆಗಳಿಗೆ ಸವರಿಕೊಂಡು ಅವು ಸುಲಭವಾಗಿ ಜಾರುವಂತೆ ಮಾಡುತ್ತದೆ, ಒಲೆಯಲ್ಲಿ ಬ್ರೆಡ್ ಇನ್ನಷ್ಟು ಮೇಲೇಳುತ್ತದೆ. ಆದರೆ ಮೊದಲೇ ಹಾಕಿದರೆ ಮೈದಾಕ್ಕೆ ನೀರು ತಾಗದಂತೆ ತಡೆಯುತ್ತದೆ. ಅರ್ಧ ನಾದಿದ ಮೇಲೆಯೇ ಸೇರಿಸಿ. ಉಪ್ಪಿನ ಬೆಣ್ಣೆಯಾದರೆ ಚಿಟಿಕೆ ಉಪ್ಪು ಕಡಿಮೆ ಮಾಡಿ, ಅಷ್ಟೆ. ತುಪ್ಪದಲ್ಲಿ ನೀರಿನಂಶ ಇಲ್ಲ. 20 ಗ್ರಾಂ ಬೆಣ್ಣೆಗೆ 16 ಗ್ರಾಂ ತುಪ್ಪ, 4 ಗ್ರಾಂ ನೀರು. ಅದರ ಘಮ ಬ್ರೆಡ್ಡಿನಲ್ಲಿ ಎದ್ದು ನಿಲ್ಲುತ್ತದೆ, ಕೆಲವರಿಗೆ ಇಷ್ಟ. ವಾಸನೆಯಿಲ್ಲದ ಅಡುಗೆ ಎಣ್ಣೆಯೂ ಆಗುತ್ತದೆ.

ಬೇಕಿದ್ದರೆ ಹಾಕುವಂಥವು

ವಿಟಮಿನ್ ಸಿ ಗ್ಲುಟನ್ನನ್ನು ಗಟ್ಟಿಗೊಳಿಸುತ್ತದೆ, ದುರ್ಬಲ ಮೈದಾಕ್ಕೆ ಒಳ್ಳೆಯ ಆಸರೆ. ಬೇಕಾದದ್ದು ತೀರಾ ಅತ್ಯಲ್ಪ, 400 ಗ್ರಾಂ ಮೈದಾಕ್ಕೆ 16ರಿಂದ 20 ಮಿಲಿಗ್ರಾಂ. 500 ಮಿಲಿಗ್ರಾಮಿನ ಒಂದು ಮಾತ್ರೆಯನ್ನು ಪುಡಿಮಾಡಿ 250 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದರಲ್ಲಿ 10 ಮಿಲಿಲೀಟರ್ ತೆಗೆದರೆ 20 ಮಿಲಿಗ್ರಾಂ ಸಿಕ್ಕಿತು. ಆ 10 ಮಿಲಿಲೀಟರನ್ನು ಒಟ್ಟು ನೀರಿನಲ್ಲಿ ಕಳೆಯಿರಿ. ಬ್ರೆಡ್ ಇಂಪ್ರೂವರ್ ಎಂದು ಮಾರುವ ಪುಡಿಯಲ್ಲೂ ಸಾಮಾನ್ಯವಾಗಿ ಇದೇ ವಿಟಮಿನ್ ಸಿ, ಕಿಣ್ವಗಳು ಮತ್ತು ಮೆದುಕಾರಕ ಇರುತ್ತವೆ. ಒಂದು ಕಾಲದಲ್ಲಿ ಬೇಕರಿಗಳು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಪಟ್ಟಿಯಿಂದ ತೆಗೆದುಹಾಕಿತು. ಚೀಟಿಯಿಲ್ಲದ ಬಿಡಿ ಇಂಪ್ರೂವರ್ ಪುಡಿ ಕೊಳ್ಳದಿರುವುದಕ್ಕೆ ಇದೊಂದೇ ಕಾರಣ ಸಾಕು.

ಬ್ರೆಡ್ ಬೆಳ್ಳಗಾಗಲು ಏನಾದರೂ ಹಾಕಬೇಕೇ? ಏನೂ ಬೇಡ. ಚೆನ್ನಾಗಿ ನಾದಿದಷ್ಟೂ ಗುಳ್ಳೆಗಳು ಸಣ್ಣದಾಗಿ, ಒಳಭಾಗ ತಾನಾಗಿ ಬೆಳ್ಳಗೆ ಕಾಣುತ್ತದೆ.

ಸೇರಿಸುವ ಕ್ರಮ

1. ಮೈದಾ, ಹಾಲಿನ ಪುಡಿ, ಸಕ್ಕರೆ, ಯೀಸ್ಟ್ ಬೆರೆಸಿ ನೀರು ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಮುಚ್ಚಿ 20 ನಿಮಿಷ ಬಿಡಿ. ಈ ಬಿಡುವಿನಲ್ಲಿ ಗ್ಲುಟನ್ ತಾನೇ ಹೆಣೆದುಕೊಳ್ಳುತ್ತದೆ, ಕೈಗೆ ಅರ್ಧ ಶ್ರಮ ಉಳಿಯುತ್ತದೆ.

2. ಉಪ್ಪು ಹಾಕಿ 5 ನಿಮಿಷ ನಾದಿ. ನಂತರ ಮೆತ್ತಗಿನ ಬೆಣ್ಣೆಯನ್ನು ಮೂರು ಕಂತಿನಲ್ಲಿ ಸೇರಿಸಿ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಒಡೆದು ಕೈಗೆಲ್ಲ ಮೆತ್ತಿಕೊಳ್ಳುತ್ತದೆ, ಮುಂದುವರಿಸಿ. ಇನ್ನೂ 8ರಿಂದ 10 ನಿಮಿಷಕ್ಕೆ ನುಣುಪಾಗುತ್ತದೆ. ಸಣ್ಣ ತುಣುಕನ್ನು ಒದ್ದೆ ಬೆರಳುಗಳಿಂದ ನಾಲ್ಕು ಕಡೆ ಎಳೆಯಿರಿ. ಬೆಳಕು ತೂರುವಷ್ಟು ತೆಳ್ಳಗಾಗಿ, ಹರಿದಾಗ ತೂತಿನ ಅಂಚು ನುಣುಪಾಗಿದ್ದರೆ ಆಯಿತು. ಅಂಚು ಗರಗಸದಂತಿದ್ದರೆ ಇನ್ನೂ ಮೂರು ನಿಮಿಷ.

3. ನೇರ ಗೋಡೆಯ ಡಬ್ಬಿಯಲ್ಲಿಟ್ಟು, ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ಗುರುತು ಹಾಕಿ, ದುಪ್ಪಟ್ಟಾಗುವವರೆಗೆ ಮುಚ್ಚಿಡಿ. 27 ಡಿಗ್ರಿಯಲ್ಲಿ ಒಂದರಿಂದ ಒಂದೂಕಾಲು ಗಂಟೆ, 32 ದಾಟಿದರೆ 40 ನಿಮಿಷಕ್ಕೇ ಆಗಿಬಿಡಬಹುದು. ಗಡಿಯಾರಕ್ಕಿಂತ ಗುರುತನ್ನು ನಂಬಿ.

4. ಗಾಳಿ ತಟ್ಟಿ ತೆಗೆದು ಆಯತವಾಗಿ ಹರಡಿ, ಬಿಗಿಯಾಗಿ ಸುತ್ತಿ, ಜೋಡಣೆಯ ಗೆರೆ ಕೆಳಗೆ ಬರುವಂತೆ ಜಿಡ್ಡು ಸವರಿದ ಟಿನ್ನಿನಲ್ಲಿಡಿ. ಸುತ್ತುವಾಗ ಗಾಳಿ ಸಿಕ್ಕಿಕೊಂಡರೆ ಅಲ್ಲೇ ದೊಡ್ಡ ತೂತು. ನಡುಭಾಗ ಟಿನ್ನಿನ ಅಂಚಿಗಿಂತ ಒಂದೂವರೆಯಿಂದ ಎರಡು ಸೆಂಟಿಮೀಟರ್ ಮೇಲೆ ಬರುವವರೆಗೆ, ಸುಮಾರು 45ರಿಂದ 60 ನಿಮಿಷ ಕಾಯಿರಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧ ತುಂಬಿದರೆ ಸರಿ. ತಟ್ಟನೆ ತುಂಬಿದರೆ ಇನ್ನೂ ಸಮಯ ಬೇಕು, ತುಂಬದೆ ಹಾಗೇ ಉಳಿದರೆ ಹೊತ್ತು ಮೀರಿದೆ.

5. ಒಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಒಲೆಯ) ಮೇಲಿನ, ಕೆಳಗಿನ ಎರಡೂ ಸರಳು ಹೊತ್ತಿಸಿ 190 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಿಸಿ, ಕೆಳಗಿನ ಹಂತದಲ್ಲಿಟ್ಟು 30ರಿಂದ 35 ನಿಮಿಷ ಬೇಯಿಸಿ. ಮೇಲ್ಭಾಗ ಬೇಗ ಕಂದಾದರೆ ಅಲ್ಯುಮಿನಿಯಂ ಹಾಳೆ ಹೊದಿಸಿ. ನಡುವಿನ ಉಷ್ಣಾಂಶ 93 ಡಿಗ್ರಿ ಮುಟ್ಟಿದರೆ ಬೆಂದಿದೆ. ಕೂಡಲೇ ಟಿನ್ನಿನಿಂದ ತೆಗೆದು ಜಾಲರಿಯ ಮೇಲೆ ಎರಡು ಗಂಟೆ ಆರಿಸಿ. ಬಿಸಿಯಲ್ಲಿ ಕೊಯ್ದರೆ ಒಳಭಾಗ ಮುದ್ದೆಯಾಗುತ್ತದೆ. ಟಿನ್ನಿನಲ್ಲೇ ಬಿಟ್ಟರೆ ಬದಿಗಳು ಬೆವತು ಕುಸಿಯುತ್ತವೆ.

ಕೆಟ್ಟರೆ ಎಲ್ಲಿ ಹುಡುಕಬೇಕು

ತಳದಲ್ಲಿ ಒಂದು ಬೆರಳಿನಷ್ಟು ಒತ್ತಾದ ಪದರ ಬಂದರೆ ಎರಡನೆಯ ಉಬ್ಬು ಸಾಲಲಿಲ್ಲ, ಅಥವಾ ಕೆಳಗಿನ ಬಿಸಿ ಕಡಿಮೆ. ಟಿನ್ನಿನಲ್ಲಿ ಚೆನ್ನಾಗಿ ಉಬ್ಬಿ ಒಲೆಯಲ್ಲಿ ಕುಸಿದರೆ ಉಬ್ಬು ಅತಿಯಾಯಿತು. ಬದಿ ಸೀಳಿದರೆ ಉಬ್ಬು ಸಾಲದೆ ಒಲೆಗೆ ಹೋಗಿದೆ, ಇಲ್ಲವೇ ಉಬ್ಬುವಾಗ ಮೇಲ್ಮೈ ಒಣಗಿದೆ. ಪುಡಿಪುಡಿಯಾದರೆ ನೀರು ಕಡಿಮೆ ಅಥವಾ ನಾದಿದ್ದು ಸಾಲದು.

ಆರಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಡಿ. ಆ ತಣ್ಣಗಿನಲ್ಲಿ ಪಿಷ್ಟ ಮತ್ತೆ ಗಟ್ಟಿಯಾಗುವುದು ಹೊರಗಿಗಿಂತ ಬೇಗ. ಎರಡು ದಿನಕ್ಕೆ ಬೇಕಾದಷ್ಟು ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ.

ಸೆಕೆ ಮತ್ತು ತೇವ ಕೂಡಿದ ದಿನಗಳಲ್ಲಿ ಇನ್ನೊಂದು ಕಾಟ ಇದೆ. ಬ್ರೆಡ್ ಮಾಡಿದ ಮಾರನೇ ದಿನ ಒಳಗಿನಿಂದ ಅತಿಯಾಗಿ ಕಳಿತ ಹಣ್ಣಿನ ವಾಸನೆ ಬರುತ್ತದೆ. ಮುರಿದರೆ ನಡುಭಾಗ ಕಂದಾಗಿ ಅಂಟಂಟಾಗಿದ್ದು, ಬೆಳ್ಳಗಿನ ಎಳೆ ಎಳೆಯುತ್ತದೆ. ಹೊರಗೆ ಬೂಷ್ಟು ಕಾಣದ ಕಾರಣ ತಿಂದುಬಿಡುವವರೂ ಇದ್ದಾರೆ, ತಿನ್ನಬಾರದು. ಮೈದಾದಲ್ಲಿ ಬರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಒಲೆಯ ಬಿಸಿಯಲ್ಲೂ ಬದುಕಿ, ಆಮೇಲೆ ಬೆಳೆಯುವುದರಿಂದ ಹೀಗಾಗುತ್ತದೆ. ಹುಳಿ ಅದಕ್ಕೆ ಆಗದು. ಅಂಥ ತಿಂಗಳುಗಳಲ್ಲಿ 400 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಬಿಳಿ ವಿನೆಗರನ್ನು ನೀರಿನ ಜೊತೆ ಸೇರಿಸಿ; ರುಚಿಯಲ್ಲಿ ಗೊತ್ತೂ ಆಗುವುದಿಲ್ಲ. ಒಮ್ಮೆ ಕಾಣಿಸಿಕೊಂಡರೆ ಆ ಬ್ರೆಡ್ಡನ್ನು ಎಸೆದು, ಚಾಕು, ಮಣೆ, ಟಿನ್, ಡಬ್ಬಿ ಎಲ್ಲವನ್ನೂ ತೊಳೆದು ವಿನೆಗರಿನಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ ಮೇಲೆಯೇ ಮುಂದಿನ ಹಿಟ್ಟು ಕಲಸಿ.